ಬಂಗಲೆಯ ಕೆಳಗಿನ ಕೋಣೆ

ಶಿಕಾಗೊಗೆ ಬಂದ ನಾಲ್ಕನೆಯ ದಿನ ಅಮ್ಮನಿಗೆ ಫೋನ್ ಮಾಡಿ, "ರೂಮು ಸಿಕ್ತು ಕಣಮ್ಮ, ಒಂದು ಬಂಗಲೆಯಲ್ಲಿ" ಅಂದೆ. ಆ ಕಡೆಯಿಂದ ಒಂದು ಗಳಿಗೆ ಮಾತಿಲ್ಲ. ಆಮೇಲೆ, "ಬಂಗ್ಲೆನಾ? ಬಾಡ್ಗೆ ಎಷ್ಟೇ? ಬರೋ ದುಡ್ಡೆಲ್ಲ ಅಲ್ಲೇ ಸುರಿದ್ಬಿಟ್ಟು ಉಪವಾಸ ಇರ್ತೀಯಾ?" ಎಂದು ಶುರುಮಾಡಿದಳು. ಹಾಸನದವಳಾದ ಅಮ್ಮನಿಗೆ ಬಂಗಲೆ ಎಂದರೆ ಎರಡೇ. ಒಂದು, ಮಂತ್ರಿಗಳು ಬಂದರೆ ಇಳಿದುಕೊಳ್ಳುವ ಐಬಿ. ಇನ್ನೊಂದು, ಸಕಲೇಶಪುರದ ಕಡೆ ಕಾಫಿ ತೋಟದ ನಡುವೆ ಇರುವ, ಗೇಟಿನಿಂದ ಬಾಗಿಲಿಗೆ ಹೋಗಲು ಕಾರೇ ಬೇಕಾಗುವ ಸಾಹುಕಾರರ ಮನೆ. ನನಗೆ ಸಿಕ್ಕಿದ್ದು ಬಂಗಲೆಯ ನೆಲಮಾಳಿಗೆಯಲ್ಲಿ ಒಂದು ಕೋಣೆ, ಇರುವ ಒಂದೇ ಕಿಟಕಿ ನೆತ್ತಿಯ ಮಟ್ಟದಲ್ಲಿದೆ, ಅದರಿಂದ ಹೊರಗೆ ಓಡಾಡುವವರ ಕಾಲು ಮಾತ್ರ ಕಾಣುತ್ತದೆ ಎಂದು ವಿವರಿಸಿದ ಮೇಲೆ ಅವಳಿಗೆ ಸಮಾಧಾನವಾಯಿತು.

"ಓನರ್ ಎಂಥೋರು?" ಎಂದಳು.

"ವಯಸ್ಸಾದವರಮ್ಮ. ಒಬ್ಬರೇ ಇದ್ದಾರೆ. ಪೋಸ್ಟಾಫೀಸಲ್ಲಿದ್ದು ರಿಟೈರ್ ಆದೋರು."

ಅದು ಅವಳು ಕೇಳಿದ ಪ್ರಶ್ನೆಗೆ ಉತ್ತರವಲ್ಲವೆಂದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಅವಳು ಮತ್ತೆ ಕೇಳಲಿಲ್ಲ. ನಾನೂ ಮುಂದುವರಿಸಲಿಲ್ಲ. ನನ್ನ ಮನೆಯೊಡತಿ ಕಪ್ಪು ಜನಾಂಗದವರು, ನಾನಿರುವ ಚಾಟಮ್ ಬಡಾವಣೆಯಲ್ಲಿ ಬಹುತೇಕ ಎಲ್ಲರೂ ಕಪ್ಪು ಜನರೇ ಎಂಬ ಮಾತನ್ನು ಅಮ್ಮನಿಗೆ ಹೇಳಲು ಆಗ ನನಗೆ ಬಾಯಿ ಬರಲಿಲ್ಲ. ಇಲ್ಲಿ ಬರೆಯುತ್ತಿರುವುದು ಆ ಬಂಗಲೆಯ ಕಥೆ, ಅದನ್ನು ಕಟ್ಟಿಸಿದ ಮೊದಲ ಯಜಮಾನನ ಕಥೆ. ಬರೆಯುತ್ತ ಹೋದಂತೆ, ಅವತ್ತು ಹೇಳದೆ ಬಿಟ್ಟ ಆ ಮಾತಿನ ಕಥೆಯೂ ಇದೇ ಆಗಿದೆ.

ಬಂಗಲೆ ಎಂಬ ಶಬ್ದ ನಮ್ಮ ಕಡೆಯದೇ. ಬಂಗಾಳದ ಹಳ್ಳಿಗಳ ಹುಲ್ಲುಮಾಡಿನ ಒಂದಂತಸ್ತಿನ ಮನೆಗೆ 'ಬಾಂಗ್ಲಾ' ಎನ್ನುತ್ತಿದ್ದರು. ಹದಿನೇಳನೆಯ ಶತಮಾನದಲ್ಲಿ ಈಸ್ಟ್ ಇಂಡಿಯಾ ಕಂಪನಿಯವರು ಆ ಹೆಸರನ್ನು ಎತ್ತಿಕೊಂಡರು. ನಮ್ಮಲ್ಲೇ ಉಳಿದ ಶಬ್ದ ಜಗುಲಿ, ಜವಾನ, ಅಧಿಕಾರ ಎಲ್ಲವನ್ನೂ ಸೇರಿಸಿಕೊಂಡು ದೊಡ್ಡದಾಗುತ್ತ ಹೋಯಿತು. ಕಡಲು ದಾಟಿದ ಶಬ್ದ ಇಂಗ್ಲೆಂಡಿಗೆ ಹೋಗಿ, ಅಲ್ಲಿಂದ ಕ್ಯಾಲಿಫೋರ್ನಿಯಾಗೆ ಹೋಗಿ, ಶಿಕಾಗೊ ತಲುಪುವ ಹೊತ್ತಿಗೆ ಕೂಲಿಕಾರ್ಮಿಕರ, ಗುಮಾಸ್ತರ, ಟ್ರಾಮ್ ಓಡಿಸುವವರ ಮನೆಯ ಹೆಸರಾಗಿತ್ತು. 1910ರಿಂದ 1940ರವರೆಗಿನ ಮೂವತ್ತು ವರ್ಷಗಳಲ್ಲಿ ಈ ಊರಿನಲ್ಲಿ ಸುಮಾರು 80,000 ಬಂಗಲೆಗಳು ಎದ್ದವು. ಅವುಗಳಲ್ಲಿ ಹೆಚ್ಚಿನವು ಎರಡು ಮಹಾಯುದ್ಧಗಳ ನಡುವಿನವು. ನಗರದ ನಡುಭಾಗವನ್ನು ಬಿಟ್ಟು ಹೊರಗೆ ಹೋದರೆ ಉತ್ತರದಿಂದ ದಕ್ಷಿಣದವರೆಗೆ ಅರ್ಧಚಂದ್ರಾಕಾರದಲ್ಲಿ ಬೀದಿಬೀದಿಯೂ ಇವೇ. ಇದನ್ನು ಇಲ್ಲಿನವರು ಬಂಗಲೆ ಪಟ್ಟಿ ಎನ್ನುತ್ತಾರೆ.

ಎಲ್ಲ ಮನೆಗಳೂ ಅಣ್ಣತಮ್ಮಂದಿರಂತೆ ಇರುತ್ತವೆ. ಒಂದೂವರೆ ಅಂತಸ್ತು. ಮುಂದಕ್ಕೆ ಚಾಚಿದ, ತಗ್ಗಿದ ಮಾಡು. ಒಂದು ಬದಿಗೆ ಮೆಟ್ಟಿಲು, ಅದರ ಪಕ್ಕದಲ್ಲಿ ಬಣ್ಣದ ಗಾಜಿನ ಕಿಟಕಿಗಳ ಸಾಲು. ಶಿಕಾಗೊದ ಸಾಮಾನ್ಯ ನಿವೇಶನ 25 ಅಡಿ ಅಗಲ, 125 ಅಡಿ ಉದ್ದ. ಬಂಗಲೆಗಳಿಗೆ ಇದಕ್ಕಿಂತ ತುಸು ಅಗಲದ ಜಾಗ ಇರುತ್ತಿತ್ತು, ಅಷ್ಟೆ. ನಮ್ಮ ಥರ್ಟಿ-ಫಾರ್ಟಿ ಸೈಟಿನವರಿಗೆ ಈ ಲೆಕ್ಕ ಸುಲಭವಾಗಿ ಅರ್ಥವಾಗುತ್ತದೆ. ಮುಂದೆ ಹಾಲು, ಅದರ ಹಿಂದೆ ಊಟದ ಕೋಣೆ, ಅದರ ಹಿಂದೆ ಅಡುಗೆಮನೆ, ಪಕ್ಕಕ್ಕೆ ಮಲಗುವ ಕೋಣೆಗಳು. ಬಾವಿಯಷ್ಟು ಆಳದ ನೆಲಮಾಳಿಗೆ ಇಡೀ ಮನೆಯ ಅಡಿಗೆ ಹರಡಿರುತ್ತದೆ. ಬಾಡಿಗೆಯ ಫ್ಲಾಟಿನಿಂದ ಬಂದವರಿಗೆ ಕರೆಂಟು, ನಲ್ಲಿ, ಮನೆಯೊಳಗೇ ಬಚ್ಚಲು, ಚಳಿಗಾಲಕ್ಕೆ ಇಡೀ ಮನೆಯನ್ನು ಬೆಚ್ಚಗಿಡುವ ಕುಲುಮೆ, ಎಲ್ಲವೂ ಇಲ್ಲಿ ಒಟ್ಟಿಗೆ ಸಿಕ್ಕವು. ಹಿಂದೆ ಕಲ್ಲಿದ್ದಲು ಸುರಿಯುತ್ತಿದ್ದ ಜಾಗ ಈಗ ನನ್ನ ಪುಸ್ತಕಗಳ ಕಪಾಟು.

ಇಟ್ಟಿಗೆಯ ವಿಷಯ ಸ್ವಲ್ಪ ಹೇಳಬೇಕು. 1871ರ ದೊಡ್ಡ ಬೆಂಕಿಯಲ್ಲಿ ಶಿಕಾಗೊ ಊರಿಗೆ ಊರೇ ಉರಿದುಹೋದ ಮೇಲೆ ನಗರದೊಳಗೆ ಮರದ ಮನೆ ಕಟ್ಟುವುದಕ್ಕೆ ನಿರ್ಬಂಧ ಬಂತು, ಇಟ್ಟಿಗೆಗೆ ಕಾಲ ಬಂತು. ಸ್ಥಳೀಯ ಜೇಡಿಮಣ್ಣಿನಲ್ಲಿ ಸುಟ್ಟ ಇಟ್ಟಿಗೆ ಗಟ್ಟಿ, ಅಗ್ಗ. ಆದರೆ ಒಂದರಂತೆ ಒಂದಿರುವುದಿಲ್ಲ. ಒಂದು ಹಳದಿ, ಒಂದು ನಸುಗೆಂಪು, ಇನ್ನೊಂದರ ಮೈಮೇಲೆ ಸುಟ್ಟ ಕಲೆ. ಹಾಗಾಗಿ ಬೀದಿಗೆ ಕಾಣುವ ಮುಂಗೋಡೆಗೆ ಮಾತ್ರ ಹೊರಗಿನಿಂದ ತರಿಸಿದ, ನುಣುಪಾದ, ಒಂದೇ ಬಣ್ಣದ ದುಬಾರಿ ಇಟ್ಟಿಗೆ ಹಾಕುತ್ತಿದ್ದರು. ಪಕ್ಕಕ್ಕೂ ಹಿಂದಕ್ಕೂ ಸಾದಾ ಇಟ್ಟಿಗೆ. ನಮ್ಮ ಮನೆಯ ಮೂಲೆಯಲ್ಲಿ ನಿಂತರೆ ಎರಡೂ ಕೂಡುವ ಗೆರೆ ಸ್ಪಷ್ಟವಾಗಿ ಕಾಣುತ್ತದೆ. ತಮಾಷೆಯೆಂದರೆ, ಇವತ್ತು ಹಳೆಯ ಕಟ್ಟಡ ಒಡೆದಾಗ ಆ ಸಾದಾ ಇಟ್ಟಿಗೆಯನ್ನೇ ಆರಿಸಿ, ತೊಳೆದು, ದೂರದ ರಾಜ್ಯಗಳಿಗೆ ಒಳ್ಳೆಯ ಬೆಲೆಗೆ ಮಾರುತ್ತಾರೆ.

ನಾನು ಹಾಸನ ಸೀಮೆಯ ಇನಾಂ ಭೂಮಿ ದಾಖಲೆಗಳ ಮೇಲೆ ಪಿಎಚ್.ಡಿ. ಮಾಡುತ್ತಿದ್ದೇನೆ. ಒಂಬತ್ತು ತಿಂಗಳ ಫೆಲೋಶಿಪ್ ಮೇಲೆ ಇಲ್ಲಿನ ಲೈಬ್ರರಿಗೆ ಬಂದವಳು. ವಿಶ್ವವಿದ್ಯಾಲಯದ ಹತ್ತಿರ ಬಾಡಿಗೆ ಕೈಗೆಟುಕದೆ ಕಾಟೇಜ್ ಗ್ರೋವ್ ರಸ್ತೆಯ 4ನೇ ನಂಬರಿನ ಬಸ್ ಹಿಡಿದು ಇಷ್ಟು ದೂರ ಬಂದು ಇಳಿದೆ. ದಿನವಿಡೀ ಕ್ರಯಪತ್ರ, ದಾನಪತ್ರ, ಸರ್ವೆ ನಂಬರು ಓದುವವಳಿಗೆ ಸಂಜೆ ಮನೆಗೆ ಬಂದರೂ ಅದೇ ಚಾಳಿ. ಅದಕ್ಕೆ ಕಾರಣವಾದದ್ದು ಊಟದ ಕೋಣೆಯ ಗೋಡೆಗೆ ಕೂಡಿಸಿ ಮಾಡಿದ ಓಕ್ ಮರದ ಬೀರು. ಒಂದು ಭಾನುವಾರ ನಮ್ಮ ಮನೆಯಜ್ಜಿ (ಅವರನ್ನು ಹೀಗೆ ಕರೆಯುತ್ತೇನೆ, ಅವರು ನನ್ನನ್ನು 'ಹನೀ' ಎನ್ನುತ್ತಾರೆ) ಅದಕ್ಕೆ ಎಣ್ಣೆ ಒರೆಸುತ್ತಿದ್ದರು. ಸಹಾಯಕ್ಕೆಂದು ಡ್ರಾಯರ್ ಹೊರಗೆಳೆದು ಮಗುಚಿದೆ. ಅಡಿಯಲ್ಲಿ ಪೆನ್ಸಿಲಿನಲ್ಲಿ ಅಳತೆಯ ಅಂಕಿಗಳು, ಅದರ ಕೆಳಗೆ ನನಗೆ ಅರ್ಥವಾಗದ ಭಾಷೆಯಲ್ಲಿ ಎರಡು ಪದ, ಮತ್ತೆ 1926 ಎಂಬ ಇಸವಿ. ಮೂಲೆಗಳಲ್ಲಿ ಒಂದೂ ಮೊಳೆಯಿಲ್ಲ, ಬೆರಳಿಗೆ ಬೆರಳು ಹೆಣೆದಂತೆ ಮರಕ್ಕೆ ಮರ ಕೂಡಿಸಿದ್ದಾನೆ. ನೂರು ವರ್ಷವಾದರೂ ಡ್ರಾಯರ್ ಒಂದೇ ಬೆರಳಿಗೆ ಜಾರುತ್ತದೆ.

"ಅದು ಮೊದಲಿನವನು ಮಾಡಿದ್ದು" ಎಂದರು ಅಜ್ಜಿ. "ಯಾರೋ ಸ್ವೀಡನ್ ದೇಶದ ಬಡಗಿಯಂತೆ. ಬೇಕಾದರೆ ಹುಡುಕು. ನಿನಗೆ ಅದೇ ತಾನೆ ಕೆಲಸ?"

ಹುಡುಕಿದೆ. ನಮ್ಮ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಋಣಭಾರ ಪತ್ರ ತೆಗೆಸಿದವರಿಗೆ ಇಲ್ಲಿನ ದಾರಿ ಅಪರಿಚಿತವಲ್ಲ. ಕುಕ್ ಕೌಂಟಿಯ ಕಚೇರಿ ಕ್ಲಾರ್ಕ್ ಸ್ಟ್ರೀಟಿನಲ್ಲಿದೆ. ಅದರ ನೆಲಮಾಳಿಗೆಯಲ್ಲಿ ಟ್ರ್ಯಾಕ್ಟ್ ಬುಕ್ ಎಂಬ ಭಾರೀ ಕಡತಗಳಿವೆ. ಇಲ್ಲಿ ಚಕ್ಕುಬಂದಿ ಬರೆಯುವುದಿಲ್ಲ. ಪೂರ್ವಕ್ಕೆ ಇಂಥವರ ಹಿತ್ತಲು, ಪಶ್ಚಿಮಕ್ಕೆ ಹಳ್ಳ ಎಂಬ ಗೋಜಿಲ್ಲ. ಬಡಾವಣೆ, ಬ್ಲಾಕು, ಲಾಟು, ಮೂರೇ ಅಂಕಿ. ಒಂದೊಂದು ಲಾಟಿನ ಹೆಸರಿನಲ್ಲಿ ಯಾರು ಯಾರಿಗೆ ಯಾವಾಗ ಮಾರಿದರು, ಯಾರು ಅಡವಿಟ್ಟರು, ಯಾವಾಗ ಬಿಡಿಸಿಕೊಂಡರು ಎಂಬುದನ್ನು ಗುಮಾಸ್ತರು ಶಾಯಿಯಲ್ಲಿ ಒಂದರ ಕೆಳಗೊಂದು ಬರೆದುಕೊಂಡು ಹೋಗಿದ್ದಾರೆ. ಒಂದು ಪುಟ ಓದಿದರೆ ಒಂದು ಮನೆಯ ಜಾತಕ ಓದಿದಂತೆ.

ಉಳಿದದ್ದು ಜನಗಣತಿಯಿಂದ ಸಿಕ್ಕಿತು. ಅಮೆರಿಕದಲ್ಲಿ ಜನಗಣತಿಯ ಮೂಲ ಹಾಳೆಗಳನ್ನು 72 ವರ್ಷ ಮುಚ್ಚಿಟ್ಟು ಆಮೇಲೆ ಎಲ್ಲರಿಗೂ ತೆರೆದುಬಿಡುತ್ತಾರೆ. 1930ರ ಹಾಳೆಯಲ್ಲಿ ನಮ್ಮ ಮನೆಯಿತ್ತು. ಆ ವರ್ಷದ ಎಣಿಕೆಯವರು ಹುಟ್ಟಿದ ದೇಶ, ಮಾತೃಭಾಷೆ, ವಲಸೆ ಬಂದ ವರ್ಷ, ಪೌರತ್ವ, ಕಸುಬು, ಸ್ವಂತ ಮನೆಯಾದರೆ ಅದರ ಬೆಲೆ, ಇದೆಲ್ಲದರ ಜೊತೆಗೆ ಮನೆಯಲ್ಲಿ ರೇಡಿಯೋ ಇದೆಯೇ ಎಂದೂ ಕೇಳಿದ್ದರು. ನಮ್ಮ ಬಡಗಿ ಹುಟ್ಟಿದ್ದು ಸ್ವೀಡನ್ನಿನಲ್ಲಿ, ಬಂದದ್ದು 1907ರಲ್ಲಿ. ಹೆಂಡತಿಯೂ ಅದೇ ದೇಶದವಳು. ಮೂವರು ಮಕ್ಕಳು ಇಲ್ಲೇ ಹುಟ್ಟಿದವರು. ಕೆಲಸ ರೈಲುಬೋಗಿಯ ಕಾರ್ಖಾನೆಯಲ್ಲಿ ಪೀಠೋಪಕರಣದ ಬಡಗಿ. ಈ ಬಡಾವಣೆಯಿಂದ ಕೆಲವೇ ಮೈಲಿ ದಕ್ಷಿಣಕ್ಕೆ ಪುಲ್‌ಮನ್ ಕಂಪನಿಯ ಕಾರ್ಖಾನೆ ಇತ್ತು. ಶ್ರೀಮಂತರು ಮಲಗಿ ಪ್ರಯಾಣ ಮಾಡುವ ಬೋಗಿಗಳನ್ನು ಅಲ್ಲಿ ಮಾಡುತ್ತಿದ್ದರು. ಮನೆಯಲ್ಲಿ ರೇಡಿಯೋ ಇತ್ತು. ಮನೆಯ ಬೆಲೆ 7,500 ಡಾಲರ್. ಹತ್ತು ವರ್ಷದ ನಂತರ, 1940ರ ಹಾಳೆಯಲ್ಲಿ ಅದೇ ಮನೆಯ ಬೆಲೆ 5,000. ನಡುವೆ ಮಹಾ ಆರ್ಥಿಕ ಕುಸಿತ ಬಂದುಹೋಗಿತ್ತು. 1934ರಲ್ಲಿ ಅವನು, ಮನೆ ಕಳೆದುಕೊಳ್ಳುವವರಿಗೆಂದು ಸರ್ಕಾರ ಹೊಸದಾಗಿ ತೆರೆದಿದ್ದ ಸಾಲದ ನಿಗಮಕ್ಕೆ ಮನೆ ಅಡವಿಟ್ಟದ್ದು ಟ್ರ್ಯಾಕ್ಟ್ ಬುಕ್ಕಿನಲ್ಲಿತ್ತು.

ಅವನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಮೊಮ್ಮಕ್ಕಳೋ ಮರಿಮಕ್ಕಳೋ ಎಲ್ಲೋ ಇದ್ದಾರು. ಆದರೆ ಆ ಎರಡು ವಾರ ಅವನು ನನಗೆ ತೀರ ಹತ್ತಿರದವನಾಗಿದ್ದ. ಹೊರನಾಡಿಗೆ ಬಂದು, ತಪ್ಪು ಇಂಗ್ಲಿಷಿನಲ್ಲಿ ಮಾತಾಡಿ, ಹತ್ತೊಂಬತ್ತು ವರ್ಷ ದುಡಿದು ಒಂದು ಇಟ್ಟಿಗೆಯ ಮನೆ ಮಾಡಿಕೊಂಡವನು. ಹಗಲು ಸಾಹುಕಾರರ ಬೋಗಿಗೆ ಮರಗೆಲಸ ಮಾಡಿ, ರಾತ್ರಿ ತನ್ನ ಮನೆಗೆ ಬೀರು ಮಾಡಿದವನು. ಡ್ರಾಯರ್ ಅಡಿಯ ಎರಡು ಪದಗಳನ್ನು ಲೈಬ್ರರಿಯಲ್ಲಿ ಸ್ವೀಡಿಷ್ ಬಲ್ಲ ಒಬ್ಬರಿಗೆ ತೋರಿಸಿದೆ. "ಎಡಗಡೆಯದು, ಕೆಳಗಿನದು" ಎಂದಷ್ಟೇ ಅರ್ಥವಂತೆ. ಯಾವ ಡ್ರಾಯರ್ ಎಲ್ಲಿಗೆ ಎಂಬ ಗುರುತು. ಅಷ್ಟು ಸಣ್ಣ ಮಾತಿಗೂ ಕೈ ಮನೆಭಾಷೆಯನ್ನೇ ಬರೆದಿತ್ತು. ನಾನು ಚೀಟಿಯ ಮೇಲೆ ಹಾಲು, ಮೊಟ್ಟೆ, ಸಾಬೂನು ಎಂದು ಕನ್ನಡದಲ್ಲಿ ಬರೆದುಕೊಂಡು ಅಂಗಡಿಗೆ ಹೋಗುವ ಹಾಗೆ.

ಆಮೇಲೆ 1928ರ ಸಾಲು ಕಣ್ಣಿಗೆ ಬಿತ್ತು. ಟ್ರ್ಯಾಕ್ಟ್ ಬುಕ್ಕಿನಲ್ಲಿ ಅದು ಮಾರಾಟವೂ ಅಲ್ಲ, ಅಡಮಾನವೂ ಅಲ್ಲ. 'ಕರಾರು' ಎಂದಷ್ಟೇ ಇತ್ತು. ದಾಖಲೆಯ ನಂಬರು ಕೊಟ್ಟು ಪ್ರತಿ ತೆಗೆಸಿದೆ. ಹಲವು ಪುಟಗಳ ಆ ಕಾಗದದಲ್ಲಿ ಬೀದಿಯ ಗಂಡಹೆಂಡಿರ ಜೋಡಿಸಹಿಗಳು ಸಾಲಾಗಿದ್ದವು. ಮೂರನೆಯ ಪುಟದ ನಡುವಿನಲ್ಲಿ ನಮ್ಮ ಬಡಗಿ ಮತ್ತು ಅವನ ಹೆಂಡತಿಯ ಸಹಿಯೂ ಇತ್ತು.

ಕರಾರಿನ ಸಾರಾಂಶ ಇಷ್ಟು. ಈ ಬೀದಿಯ ಯಾವ ಮನೆಯನ್ನೂ ಕಪ್ಪು ಜನರಿಗೆ ಮಾರಬಾರದು, ಬಾಡಿಗೆಗೆ ಕೊಡಬಾರದು, ಅವರು ಇಲ್ಲಿ ವಾಸವಾಗಿರಬಾರದು. ಯಾರನ್ನು ಕಪ್ಪು ಎನ್ನಬೇಕು ಎಂಬುದಕ್ಕೂ ಲೆಕ್ಕವಿತ್ತು. ಎಂಟರಲ್ಲಿ ಒಂದು ಭಾಗ ಆ ರಕ್ತವಿದ್ದರೂ ಸಾಕು. ಸಹಿ ಮಾಡಿದವರು ಮನೆ ಮಾರಿದರೂ, ಸತ್ತರೂ, ಕರಾರು ಮಾತ್ರ ನೆಲದ ಜೊತೆಗೇ ಹೋಗುತ್ತದೆ. ಕೊನೆಯಲ್ಲಿ ಒಂದು ವಿನಾಯಿತಿ: ಮನೆಯವರ ಕೆಲಸದಲ್ಲಿರುವ ಜಾಡಮಾಲಿ, ಡ್ರೈವರು, ಮನೆಯಾಳು, ಇಂಥವರು ಕೆಲಸದಲ್ಲಿರುವಷ್ಟು ಕಾಲ ನೆಲಮಾಳಿಗೆಯಲ್ಲಿಯೋ ಹಿಂದಿನ ಗ್ಯಾರೇಜಿನಲ್ಲಿಯೋ ಇರಬಹುದು.

ಆ ಕಾಗದವನ್ನು ನಾನು ಓದಿದ್ದು ಅದೇ ನೆಲಮಾಳಿಗೆಯಲ್ಲಿ, ರಾತ್ರಿ ಹನ್ನೊಂದರ ಹೊತ್ತಿಗೆ, ರಜಾಯಿ ಹೊದ್ದುಕೊಂಡು.

ಇದು ಒಂದು ಬೀದಿಯ ಹುಚ್ಚಲ್ಲ. 1927ರಲ್ಲಿ ಶಿಕಾಗೊದ ರಿಯಲ್ ಎಸ್ಟೇಟ್ ಮಂಡಳಿಯೇ ವಕೀಲರಿಂದ ಇಂಥ ಕರಾರಿನ ಮಾದರಿಯೊಂದನ್ನು ಬರೆಸಿ, ಬಿಟ್ಟ ಜಾಗ ತುಂಬಿದರೆ ಸಾಕು ಎಂಬಂತೆ ಹಂಚಿತು. ದಕ್ಷಿಣದ ಹತ್ತಿಹೊಲಗಳಿಂದ, ಅಲ್ಲಿನ ಹಿಂಸೆಯಿಂದ ತಪ್ಪಿಸಿಕೊಂಡು ಲಕ್ಷಾಂತರ ಕಪ್ಪು ಜನರು ರೈಲು ಹತ್ತಿ ಉತ್ತರದ ಊರುಗಳಿಗೆ ಬರುತ್ತಿದ್ದ ಕಾಲ ಅದು. ಅವರನ್ನು ಒಂದು ಕಿರಿದಾದ ಪಟ್ಟಿಯೊಳಗೇ ಕೂಡಿಹಾಕಲು ಗೋಡೆ ಬೇಕಾಗಿರಲಿಲ್ಲ, ಇಂಥ ಕಾಗದಗಳು ಸಾಕಾದವು. 1937ರಲ್ಲಿ ಕಾರ್ಲ್ ಹ್ಯಾನ್ಸ್‌ಬೆರಿ ಎಂಬ ಕಪ್ಪು ವ್ಯಾಪಾರಿ ಇಂಥದೇ ಕರಾರಿದ್ದ ಬಡಾವಣೆಯಲ್ಲಿ ಮನೆ ಕೊಂಡಾಗ ಜನ ಗುಂಪುಗೂಡಿ ಮನೆಯ ಮೇಲೆ ಬಿದ್ದರು, ಮೊಕದ್ದಮೆಯೂ ನಡೆಯಿತು. 1940ರಲ್ಲಿ ಸುಪ್ರೀಂ ಕೋರ್ಟ್ ಅವನ ಪರವಾಗಿ ತೀರ್ಪು ಕೊಟ್ಟಿತು. ಆದರೆ ಅದು ಆ ಮೊಕದ್ದಮೆಯ ಕಾನೂನಿನ ಸೂಕ್ಷ್ಮದ ಮೇಲೆ, ಕರಾರು ತಪ್ಪು ಎಂದು ಅಲ್ಲ. ಆ ಮನೆಯಲ್ಲಿದ್ದ ಪುಟ್ಟ ಹುಡುಗಿ ಲೊರೇನ್ ಹ್ಯಾನ್ಸ್‌ಬೆರಿ. ಮುಂದೆ ಅವಳು ಬರೆದ 'ಎ ರೈಸಿನ್ ಇನ್ ದಿ ಸನ್' ನಾಟಕವನ್ನು ಎಂ.ಎ.ಯಲ್ಲಿ ಓದಿದವರು ನಮ್ಮಲ್ಲೂ ಇದ್ದಾರೆ. ಇಂಥ ಕರಾರನ್ನು ಯಾವ ಕೋರ್ಟೂ ಜಾರಿಗೊಳಿಸುವಂತಿಲ್ಲ ಎಂಬ ತೀರ್ಪು ಬಂದದ್ದು 1948ರಲ್ಲಿ.

ಆ ಕರಾರು ನನ್ನನ್ನು ಹೆಸರಿಸಿರಲಿಲ್ಲ. ಆದರೆ 1928ರಲ್ಲಿ ನಾನು ಬಂದಿದ್ದರೆ ಎಲ್ಲಿ ನಿಲ್ಲುತ್ತಿದ್ದೆ? 1923ರಲ್ಲಿ ಇದೇ ದೇಶದ ಸುಪ್ರೀಂ ಕೋರ್ಟು ಭಗತ್ ಸಿಂಗ್ ಥಿಂಡ್ ಎಂಬ, ಅಮೆರಿಕದ ಸೈನ್ಯದಲ್ಲಿದ್ದವನ ಮೊಕದ್ದಮೆಯಲ್ಲಿ, ಭಾರತದವರು ಬಿಳಿಯರಲ್ಲ, ಆದ್ದರಿಂದ ಪೌರರಾಗುವಂತಿಲ್ಲ ಎಂದಿತ್ತು. ಥಿಂಡ್ ತನ್ನ ಪರವಾಗಿ ಹೂಡಿದ್ದ ವಾದಗಳಲ್ಲಿ ಒಂದು, ತಾನು ಮೇಲ್ಜಾತಿಯವನು ಎಂಬುದು. ಅದನ್ನು ಮೊದಲ ಸಲ ಓದಿದಾಗ ನಕ್ಕಿದ್ದೆ. ಈ ಸಲ ನಗು ಬರಲಿಲ್ಲ.

ನನಗೆ ಸಿಟ್ಟು ಬಂದದ್ದು ಬಡಗಿಯ ಮೇಲೆ. ಸಿಟ್ಟಿಗಿಂತ ಹೆಚ್ಚಾಗಿ ಮೋಸ ಹೋದೆ ಅನಿಸಿತು. ಯಾಕೆ ಸಹಿ ಹಾಕಿದ? ಕಾಗದದಲ್ಲಿ ಉತ್ತರವಿಲ್ಲ, ಊಹಿಸಬಹುದು. ಹತ್ತೊಂಬತ್ತು ವರ್ಷದ ದುಡಿಮೆ ಒಂದೇ ಜಾಗದಲ್ಲಿ ಇಟ್ಟಿಗೆಯಾಗಿ ನಿಂತಿದೆ. ಒಬ್ಬ ಕಪ್ಪು ಮನುಷ್ಯ ಬೀದಿಗೆ ಬಂದರೆ ಬೆಲೆ ಬಿದ್ದುಹೋಗುತ್ತದೆ ಎಂದು ಬ್ಯಾಂಕು, ದಲ್ಲಾಳಿ, ಪತ್ರಿಕೆ, ಎಲ್ಲರೂ ಹೇಳುತ್ತಿದ್ದಾರೆ. ಪಕ್ಕದ ಮನೆಯವನು ಕಾಗದ ಹಿಡಿದು ಬಾಗಿಲಲ್ಲಿ ನಿಂತಿದ್ದಾನೆ, ಅವನ ಸಹಿ ಆಗಲೇ ಆಗಿದೆ. ತಾನೂ ಹೊರಗಿನಿಂದ ಬಂದವನು, ಈಗಷ್ಟೇ ಬೀದಿಯವನಾಗಿದ್ದಾನೆ. ಸಹಿ ಹಾಕದಿದ್ದರೆ ಏನೆಂದುಕೊಂಡಾರು? ಹೀಗೆ ಊಹಿಸಿದಷ್ಟೂ ಅವನು ರಾಕ್ಷಸನಾಗಿ ಕಾಣುವುದು ನಿಂತು, ತೀರ ಪರಿಚಿತನಾಗಿ ಕಾಣತೊಡಗಿದ. ಅದು ಇನ್ನೂ ಕಷ್ಟವಾಗಿತ್ತು.

ಆ ಪ್ರತಿಯನ್ನು ಅಜ್ಜಿಗೆ ತೋರಿಸುವುದೋ ಬೇಡವೋ ಎಂದು ಒಂದು ವಾರ ಒದ್ದಾಡಿದೆ. ಕೊನೆಗೆ ಒಂದು ಬೆಳಿಗ್ಗೆ ಕಾಫಿಗೆ ಮೇಲೆ ಹೋದಾಗ ಮೇಜಿನ ಮೇಲಿಟ್ಟೆ. ಅವರು ಕನ್ನಡಕ ಹಾಕಿಕೊಂಡು ಮೊದಲ ಪುಟ ನೋಡಿದರು. ಎರಡನೆಯದನ್ನು ತಿರುಗಿಸಲಿಲ್ಲ. ಎದ್ದು ಹೋಗಿ ಬೀರುವಿನ ಎಡಗಡೆಯ, ಕೆಳಗಿನ ಡ್ರಾಯರ್ ಎಳೆದು ಒಂದು ಹಳೆಯ ಬಿಸ್ಕೆಟ್ ಡಬ್ಬ ತಂದರು. ಒಳಗೆ ತೀರಿದ ಸಾಲದ ರಸೀದಿಗಳು, ಅಪ್ಪನ ಪುಲ್‌ಮನ್ ಸಮವಸ್ತ್ರದ ಎರಡು ಗುಂಡಿ, ಅವುಗಳ ಅಡಿಯಲ್ಲಿ ಇದೇ ಕರಾರಿನ ಹಳದಿಯಾದ ಪ್ರತಿ.

"ಮನೆ ಕೊಳ್ಳುವಾಗ ವಕೀಲ ಕೊಟ್ಟಿದ್ದ" ಎಂದರು. "ಇದು ಸತ್ತ ಕಾಗದ, ಹೆದರಬೇಡ ಅಂದನಂತೆ. ನಮ್ಮಪ್ಪ ಮಿಸಿಸಿಪ್ಪಿಯವನು. ಸತ್ತ ಹಾವನ್ನೂ ಒಂದು ಸಲ ಕೋಲಿನಲ್ಲಿ ತಿರುಗಿಸಿ ನೋಡಬೇಕು ಅನ್ನೋನು. ಅದಕ್ಕೇ ಇಟ್ಟುಕೊಂಡಿದ್ದ."

ಅವರ ಅಪ್ಪ ಪುಲ್‌ಮನ್ ಬೋಗಿಗಳ ಪೋರ್ಟರ್. ಹಾಸಿಗೆ ಹಾಸುವುದು, ಬೂಟು ಒರೆಸುವುದು, ರಾತ್ರಿಯಿಡೀ ಗಂಟೆ ಬಾರಿಸಿದವರ ಕಡೆಗೆ ಓಡುವುದು. ಕಂಪನಿಯ ಯಜಮಾನನ ಹೆಸರು ಜಾರ್ಜ್ ಪುಲ್‌ಮನ್ ಆಗಿದ್ದಕ್ಕೆ ಪ್ರಯಾಣಿಕರು ಎಲ್ಲ ಪೋರ್ಟರುಗಳನ್ನೂ 'ಜಾರ್ಜ್' ಎಂದೇ ಕೂಗುತ್ತಿದ್ದರು. ಯಜಮಾನನ ಹೆಸರಿನಿಂದಲೇ ಆಳನ್ನು ಕರೆಯುವ ಗುಲಾಮಗಿರಿಯ ಕಾಲದ ರೂಢಿ. ಈ ಪೋರ್ಟರುಗಳೇ 1925ರಲ್ಲಿ ಎ. ಫಿಲಿಪ್ ರ‍್ಯಾಂಡಾಲ್ಫ್ ಮುಂದಾಳತ್ವದಲ್ಲಿ ಸಂಘ ಕಟ್ಟಿ, ಹನ್ನೆರಡು ವರ್ಷ ಹೋರಾಡಿ, 1937ರಲ್ಲಿ ಕಂಪನಿಯನ್ನು ಒಪ್ಪಂದಕ್ಕೆ ತಂದವರು. ಆ ಸಂಬಳದಿಂದ ಒಂದು ತಲೆಮಾರು ಮಕ್ಕಳನ್ನು ಓದಿಸಿತು, ಮನೆ ಕೊಂಡಿತು.

ಆಗ ನನಗೆ ಹೊಳೆಯಿತು. ಮೊದಲ ಯಜಮಾನ ಪುಲ್‌ಮನ್ ಬೋಗಿ ಮಾಡುತ್ತಿದ್ದ. ಎರಡನೆಯ ಯಜಮಾನ ಅದೇ ಬೋಗಿಯೊಳಗೆ ಹಾಸಿಗೆ ಹಾಸುತ್ತಿದ್ದ. ಇವನು ಕೂಡಿಸಿದ ಮರವನ್ನು ಅವನು ದಿನಾ ಒರೆಸಿರಬಹುದು. ಒಂದೇ ಕಂಪನಿಯ ಸಂಬಳ ಇಬ್ಬರ ಜೇಬಿಗೂ ಬಂದಿತ್ತು. ಆದರೂ ಒಂದೇ ಬೀದಿಯಲ್ಲಿ ಇಬ್ಬರೂ ಇರಬಾರದು, ಇದ್ದರೂ ಒಬ್ಬ ನೆಲಮಾಳಿಗೆಯಲ್ಲಿರಬೇಕು ಎಂದು ಒಬ್ಬ ಸಹಿ ಹಾಕಿದ್ದ.

"ಬಂದದ್ದು 56ರಲ್ಲಿ. ನನಗೆ ಆರು ವರ್ಷ" ಎಂದರು ಅಜ್ಜಿ. ಆ ದಶಕದಲ್ಲಿ ಚಾಟಮ್ ಬದಲಾದ ಬಗೆ ಪುಸ್ತಕಗಳಲ್ಲಿದೆ. 1950ರಲ್ಲಿ ಇಲ್ಲಿ ನೂರಕ್ಕೆ ಒಬ್ಬರೂ ಕಪ್ಪು ಜನರಿರಲಿಲ್ಲ, 1960ರ ಹೊತ್ತಿಗೆ ಮೂರರಲ್ಲಿ ಇಬ್ಬರು ಅವರೇ. ಪ್ರಸಿದ್ಧ ಗಾಯಕಿ ಮಹೇಲಿಯಾ ಜ್ಯಾಕ್ಸನ್ ಕೂಡ ಅದೇ ದಶಕದಲ್ಲಿ ಇಲ್ಲಿ ಇಟ್ಟಿಗೆಯ ಮನೆ ಕೊಂಡರು, ಅವರ ಕಿಟಕಿಗಳಿಗೂ ಗುಂಡು ಹಾರಿತು. ಅಜ್ಜಿಯ ನೆನಪಿನಲ್ಲಿದ್ದದ್ದು ಸಣ್ಣ ಸಂಗತಿ. "ಮುಂದಿನ ಕೋಣೆಯಲ್ಲಿ ಬಣ್ಣದ ಕಿಟಕಿ ನೋಡಿ ಅಲ್ಲೇ ಮಲಗಬೇಕು ಅಂತ ನನಗೆ ಆಸೆ. ಅಪ್ಪ ಬಿಡಲಿಲ್ಲ. ಕಲ್ಲು ಬಿದ್ದರೆ ಅಂತ. ಆ ಬೇಸಿಗೆ ಪೂರ್ತಿ ಅಮ್ಮ, ನಾನು, ತಮ್ಮ ಮಲಗಿದ್ದು ನಿನ್ನ ಕೋಣೆಯಲ್ಲಿ, ಹನೀ. ಅಪ್ಪ ಊರಲ್ಲಿದ್ದ ರಾತ್ರಿ ದೀಪ ಆರಿಸಿ ಮುಂದಿನ ಕೋಣೆಯಲ್ಲಿ ಕುರ್ಚಿ ಹಾಕಿಕೊಂಡು ಕೂತಿರೋನು."

ಅಂದರೆ ಕೊನೆಗೂ ಅವರು ನೆಲಮಾಳಿಗೆಯಲ್ಲೇ ಮಲಗಿದ್ದರು. ಮನೆಯ ಪತ್ರ ಅವರ ಹೆಸರಿನಲ್ಲಿತ್ತು.

ಸ್ವಲ್ಪ ಹೊತ್ತಿನ ಮೇಲೆ ನಾನು, 2022ರಿಂದ ಈ ರಾಜ್ಯದಲ್ಲಿ ಹೊಸ ಕಾನೂನಿದೆಯಂತೆ, ಮನೆಯವರು ಅರ್ಜಿ ಕೊಟ್ಟರೆ ದಾಖಲೆಯಿಂದ ಇಂಥ ಷರತ್ತು ತೆಗೆಸಬಹುದಂತೆ ಎಂದೆ. ಬೇಕಾದರೆ ನಾನೇ ಓಡಾಡುತ್ತೇನೆ ಎಂದೂ ಸೇರಿಸಿದೆ.

"ಬೇಡ" ಎಂದರು. "ಅಳಿಸಿಬಿಟ್ಟರೆ ನಮ್ಮಪ್ಪ ಏನನ್ನು ದಾಟಿ ಈ ಬಾಗಿಲಿಗೆ ಬಂದ ಅಂತ ಯಾರಿಗೆ ಗೊತ್ತಾಗುತ್ತೆ? ಆ ಬಡಗಿಯ ಸಹಿ ಇರಲಿ. ಬೀರುವೂ ಇರಲಿ. ಎರಡೂ ಅವನ ಕೈಯದೇ." ಆಮೇಲೆ ಡಬ್ಬ ಮುಚ್ಚುತ್ತ, "ನಿಮ್ಮೂರಲ್ಲಿ ಇಂಥ ಕಾಗದ ಇದೆಯಾ?" ಎಂದು ಕೇಳಿದರು.

"ಕಾಗದ ಇಲ್ಲ" ಎಂದೆ. ಅಲ್ಲಿಗೆ ನಿಲ್ಲಿಸಬಹುದಿತ್ತು.

ಹಾಸನದ ನಮ್ಮ ಮನೆಯ ಹಿಂದೆ ಒಂದು ಪೋರ್ಷನ್ ಇದೆ. ಒಂದು ರೂಮು, ಸಣ್ಣ ಅಡುಗೆಮನೆ, ಬಚ್ಚಲು. ಅಪ್ಪ ತೀರಿಹೋದ ಮೇಲೆ ಅದರ ಬಾಡಿಗೆ ನಮಗೆ ದೊಡ್ಡ ಆಧಾರ. ಎಂ.ಎ. ಎರಡನೇ ವರ್ಷದಲ್ಲಿದ್ದಾಗ ಅದು ಖಾಲಿ ಇತ್ತು. ನನ್ನ ಕ್ಲಾಸಿನ ಗೆಳತಿಗೆ ಹಾಸ್ಟೆಲ್ ಸಿಕ್ಕಿರಲಿಲ್ಲ. ದಿನಾ ಎರಡು ಬಸ್ ಬದಲಾಯಿಸಿ ಬರುತ್ತಿದ್ದಳು. ನಮ್ಮನೆಯಲ್ಲೇ ಇರು ಬಾ ಎಂದು ನಾನೇ ಕರೆದುಕೊಂಡು ಹೋದೆ. ಅಮ್ಮ ನಗುನಗುತ್ತ ಕಾಫಿ ಕೊಟ್ಟಳು. ಊರು ಕೇಳಿದಳು, ಅಪ್ಪ ಏನು ಮಾಡ್ತಾರೆ ಕೇಳಿದಳು. ಆಮೇಲೆ, "ನಿಮ್ಮ ಮನೆದೇವ್ರು ಯಾವುದಮ್ಮ?" ಎಂದಳು. ಈ ಪ್ರಶ್ನೆಯ ಅರ್ಥ ಗೊತ್ತಿಲ್ಲದವರು ನಮ್ಮ ಕಡೆ ಯಾರೂ ಇಲ್ಲ. ನನ್ನ ಗೆಳತಿಗೆ ಸುಳ್ಳು ಹೇಳುವ ಅಗತ್ಯ ಕಾಣಲಿಲ್ಲ. ಹೇಳಿದಳು, ಜೊತೆಗೆ ಕೇರಿಯ ಹೆಸರನ್ನೂ ತಾನಾಗಿಯೇ ಹೇಳಿದಳು. ಅಮ್ಮ, "ನಮ್ಮ ತಮ್ಮನ ಮಗ ಬರ್ತೀನಿ ಅಂತಿದ್ದಾನೆ, ಅವನನ್ನೊಂದು ಮಾತು ಕೇಳಿ ಹೇಳ್ತೀನಿ ಕಣಮ್ಮ" ಅಂದಳು. ಅದೇ ದನಿ, ಅದೇ ನಗು. ಗೆಳತಿ ಕಾಫಿ ಮುಗಿಸಿ, ಎದ್ದು, ಹೊರಗಿನ ನಲ್ಲಿಯಲ್ಲಿ ಲೋಟವನ್ನು ತಾನೇ ತೊಳೆದು, ಕಟ್ಟೆಯ ಮೇಲೆ ಬೋರಲು ಹಾಕಿದಳು. ಯಾರೂ ಹಾಗೆ ಮಾಡು ಎಂದಿರಲಿಲ್ಲ. ಯಾರೂ ಬೇಡ ಎನ್ನಲೂ ಇಲ್ಲ.

ಬಸ್‌ಸ್ಟಾಂಡಿನವರೆಗೆ ಅವಳ ಜೊತೆ ನಡೆದೆ. ದಾರಿಯುದ್ದಕ್ಕೂ ಇಂಟರ್ನಲ್ ಪರೀಕ್ಷೆಯ ಬಗ್ಗೆ ಮಾತಾಡಿದೆ. ಮಾಮನ ಮಗ ಬರಲೇ ಇಲ್ಲ, ಬರುವವನೂ ಆಗಿರಲಿಲ್ಲ. ಮರುತಿಂಗಳು ಆ ಪೋರ್ಷನ್ನಿಗೆ ನಮ್ಮವರೇ ಒಬ್ಬರು ಬಂದರು. ಆ ರಾತ್ರಿ ಅಮ್ಮನ ಜೊತೆ ಜಗಳವಾಡಿದ್ದೆ ಎಂದು ಬಹಳ ವರ್ಷ ನಂಬಿಕೊಂಡಿದ್ದೆ. ಇಲ್ಲ, ಆಡಿರಲಿಲ್ಲ. "ಯಾಕಮ್ಮ?" ಅಂದೆ, ಅಷ್ಟೆ. "ನನಗೇನಿಲ್ಲಪ್ಪ. ಅಕ್ಕಪಕ್ಕದೋರು ಏನಂತಾರೆ? ನಾಳೆ ಇವರು ಬಿಟ್ಟು ಹೋದ್ಮೇಲೆ ಬೇರೆ ಯಾರಾದ್ರೂ ಬಾಡ್ಗೆಗೆ ಬರ್ತಾರಾ?" ಅಂದಳು. ನಾನು ಊಟಕ್ಕೆ ಕೂತೆ.

ಅಮ್ಮನ ಆ ಮಾತಿನಲ್ಲಿ 1928ರ ಕರಾರು ಪೂರ್ತಿಯಾಗಿದೆ. ಅಕ್ಕಪಕ್ಕದವರು, ಬೆಲೆ, ನಾಳೆ. ಸಹಿಯೊಂದೇ ಇಲ್ಲ. ನಮ್ಮಲ್ಲಿ ಸಹಿ ಬೇಕಾಗುವುದಿಲ್ಲ, ಊಟಕ್ಕೆ ಕೂತರೆ ಸಾಕು.

ಇದನ್ನೆಲ್ಲ ಅಜ್ಜಿಗೆ ಹರುಕುಮುರುಕಾಗಿ ಹೇಳಿದೆ. ಮನೆದೇವರು ಎಂಬುದನ್ನು ಇಂಗ್ಲಿಷಿನಲ್ಲಿ ವಿವರಿಸುವುದೇ ಒಂದು ಪಾಡಾಯಿತು. ಅವರು ನನ್ನನ್ನು ಸಮಾಧಾನ ಮಾಡಲಿಲ್ಲ, ಬಯ್ಯಲೂ ಇಲ್ಲ. "ಆ ಹುಡುಗಿ ಈಗ ಏನು ಮಾಡ್ತಿದ್ದಾಳೆ?" ಎಂದಷ್ಟೇ ಕೇಳಿದರು. ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ, ಯುಗಾದಿಗೆ ಮೆಸೇಜು ಕಳಿಸುತ್ತಾಳೆ ಎಂದೆ. "ನೀನು ಏನು ಕಳಿಸ್ತೀಯ?" ಎಂದರು. ನಾನೂ ಅದೇ, ಬೇವುಬೆಲ್ಲದ ಚಿತ್ರ.

ಆ ವಾರ ಗೆಳತಿಗೆ ಒಂದು ದೊಡ್ಡ ಇ-ಮೇಲ್ ಬರೆದೆ. ಎರಡು ದಿನದ ಮೇಲೆ ಉತ್ತರ ಬಂತು. ಎರಡೇ ಸಾಲು. ಅದು ಅವಳಿಗೆ ಸೇರಿದ್ದು, ಇಲ್ಲಿ ಬರೆಯುವುದಿಲ್ಲ.

ಮುಂದಿನ ಭಾನುವಾರ ಅಮ್ಮನ ವಿಡಿಯೋ ಕಾಲ್ ಬಂದಾಗ ಎಂದಿನಂತೆ ಕೆಳಗೆ ಓಡಿಹೋಗದೆ ಮೇಲೆ ಅಡುಗೆಮನೆಯಲ್ಲೇ ಕೂತೆ. ಫೋನನ್ನು ತಿರುಗಿಸಿ, "ಇವರೇ ನಮ್ಮ ಓನರ್" ಅಂದೆ. ಅಜ್ಜಿ ಕೈ ಆಡಿಸಿದರು. ಅಮ್ಮ ಒಂದು ಗಳಿಗೆ ಸುಮ್ಮನಾದಳು. ಮೊದಲ ದಿನ ಬಂಗಲೆ ಎಂದಾಗ ಸುಮ್ಮನಾದಷ್ಟೇ ಹೊತ್ತು. ಸೆರಗು ಸರಿಮಾಡಿಕೊಂಡು, "ಅವರದ್ದು ತಿಂಡಿ ಆಯ್ತಾ ಕೇಳೇ" ಅಂದಳು. ಕೇಳಿದೆ. ಆಗಿತ್ತು. "ಇಷ್ಟು ದಿನ ಯಾಕೆ ತೋರಿಸ್ಲಿಲ್ಲ?" ಅಂದಳು ಆಮೇಲೆ. ಅದಕ್ಕೆ ನಾನು ಕೊಟ್ಟ ಉತ್ತರದಿಂದ ಸ್ವಲ್ಪ ಜಗಳವೇ ಆಯಿತು. ಆರು ವರ್ಷ ತಡವಾಗಿ ಬಂದ ಜಗಳ. "ಅಲ್ಲಿ ಕೂತ್ಕೊಂಡು ಹೇಳೋದು ಸುಲಭ" ಎಂದು ಅಮ್ಮ ಫೋನಿಟ್ಟಳು. ಅವಳು ಹೇಳಿದ್ದರಲ್ಲಿ ಅರ್ಧ ಸತ್ಯವಿತ್ತು.

ಮುಂದಿನ ತಿಂಗಳು ಊರಿಗೆ ಹೊರಡುತ್ತೇನೆ. ಹಿಂದಿನ ಪೋರ್ಷನ್ ಮತ್ತೆ ಖಾಲಿಯಾಗಿದೆಯಂತೆ. ಮೊನ್ನೆ ಅಮ್ಮ ತಾನಾಗಿಯೇ ಆ ವಿಷಯ ಎತ್ತಿ, "ನೀನೇ ಬಂದು ಮಾತಾಡು, ನಂಗೆ ಯಾಕೆ" ಎಂದಳು. ಅದು ಒಪ್ಪಿಗೆಯೋ ಸಿಟ್ಟೋ ಗೊತ್ತಾಗಲಿಲ್ಲ. ಕೇಳಬೇಕಾದ ಪ್ರಶ್ನೆಗಳನ್ನು ಬಸ್ಸಿನಲ್ಲಿ ಕೂತು ಚೀಟಿಯ ಮೇಲೆ ಬರೆದುಕೊಂಡಿದ್ದೇನೆ. ಬಾಡಿಗೆ ಯಾವ ತಾರೀಖಿಗೆ ಕೊಡ್ತೀರಿ? ಅಡ್ವಾನ್ಸ್ ಎಷ್ಟು ಆಗುತ್ತೆ? ಮೋಟರ್ ಹಾಕಿದಾಗ ಆರಿಸಲು ನೆನಪಿರುತ್ತಾ?